ಓದು ತಲೆಗೆ ಹತ್ತದ ಮಗುವಿಗೆ ಕಾನೂನು ಏನು ಕೊಡುತ್ತದೆ, ಅದನ್ನು ಕೇಳಿ ಪಡೆಯುವುದು ಹೇಗೆ

ಗಂಗಾವತಿಯಲ್ಲಿ ಸರ್ಕಾರಿ ಕಚೇರಿಯೊಂದರ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ಪಹಣಿ, ಜಾತಿ-ಆದಾಯ, ರೇಷನ್ ಕಾರ್ಡ್ ತಿದ್ದುಪಡಿ, ಸ್ಕಾಲರ್‌ಶಿಪ್, ಅರ್ಜಿ ಬರೆದುಕೊಡೋದು, ಎಲ್ಲ ಇಲ್ಲೇ ನಡೆಯುತ್ತದೆ.

ಕಳೆದ ವರ್ಷ ಮಳೆಗಾಲದಲ್ಲಿ ಪಕ್ಕದ ಹಳ್ಳಿಯಿಂದ ಒಬ್ಬ ತಾಯಿ ಬಂದರು. ಜೊತೆಗೆ ಐದನೇ ಕ್ಲಾಸಿನ ಮಗ. "ಅಣ್ಣಾರ, ಟಿಸಿಗೆ ಒಂದು ಅರ್ಜಿ ಬರದು ಕೊಡ್ರೀ. ಇವನಿಗೆ ವಿದ್ಯಾ ಹತ್ತವಲ್ದು. ಗ್ಯಾರೇಜಿಗೆ ಹಚ್ಚತೀವಿ" ಎಂದರು. ಹುಡುಗನ ಚೀಲದಲ್ಲಿದ್ದ ನೋಟ್‌ಬುಕ್ ತೆಗೆಸಿ ನೋಡಿದೆ. 'ಪ್ರಶ್ನೆ' ಇರಬೇಕಾದ ಕಡೆ 'ಪಶೆ'. 'ಉತ್ತರ' ಹೋಗಿ 'ಉತರ'. 'ಅಕ್ಕ' ಬರೀ 'ಅಕ'. ಇಡೀ ಪುಟದಲ್ಲಿ ಒಂದು ಒತ್ತಕ್ಷರವೂ ಉಳಿದಿರಲಿಲ್ಲ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಬಿದ್ದಿತ್ತು. "ಒಂದು ಜೆರಾಕ್ಸಿಗೆ 2 ರೂಪಾಯಿ. 17 ಹಾಳೆ ತೆಗೆಸಿ 50 ಕೊಟ್ಟರೆ ನಾನು ಎಷ್ಟು ವಾಪಸ್ ಕೊಡಬೇಕು?" ಅಂತ ಕೇಳಿದೆ. ಮಾತು ಮುಗಿಯೋದರೊಳಗೆ "ಹದಿನಾರು" ಅಂದ.

ಟಿಸಿ ಅರ್ಜಿ ನಾನು ಬರೆಯಲಿಲ್ಲ. ಬೇರೆ ಒಂದು ಅರ್ಜಿ ಬರೆದೆ. ಅದು ಯಾವುದು, ಆಮೇಲೆ ಏನೇನು ಮಾಡಬೇಕು ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ನಾನೇನು ವಕೀಲನಲ್ಲ. ಇದೆಲ್ಲ ಗೊತ್ತಾಗಿದ್ದು ಪೆಟ್ಟು ತಿಂದು. ನನ್ನ ಅಕ್ಕನ ಮಗನೂ ಹೀಗೇ ಇದ್ದ. ಪ್ರತಿ ವರ್ಷ ಅಕ್ಕ ಶಾಲೆಗೆ ಹೋಗಿ ಹೇಳುವಳು, ಅವರು "ದೊಡ್ಡವನಾದ್ರ ಸರಿ ಹೋಗ್ತಾನ ಬಿಡವ್ವ" ಅನ್ನುವರು. ನಾವೂ ನಂಬಿದೆವು. ಹತ್ತನೇ ಕ್ಲಾಸಿನ ಫೆಬ್ರವರಿಯಲ್ಲಿ, ಪರೀಕ್ಷೆಗೆ ತಿಂಗಳಿದೆ ಅನ್ನುವಾಗ, ಅವನ ಉತ್ತರ ಬರೆದುಕೊಡುವವರು ಬೇಕು ಅಂತ ಕೇಳಿದೆವು. "ಹಿಂದೆ ಯಾವಾಗ ಹೇಳಿದ್ದೀರಿ? ದಾಖಲೆ ಎಲ್ಲಿದೆ?" ಅಂದರು. ಆರು ವರ್ಷ ಹೇಳಿದ್ದೆಲ್ಲ ಬಾಯಿ ಮಾತು. ಒಂದು ಚೀಟಿ ಇರಲಿಲ್ಲ. ಊರಿಗೆಲ್ಲ ಅರ್ಜಿ ಬರೆದು ಹೊಟ್ಟೆ ಹೊರೆಯುವವನ ಮನೆಯಲ್ಲೇ ಅರ್ಜಿ ಇರಲಿಲ್ಲ ನೋಡಿ.

ಹಾಗಾಗಿ ಈಗ ಯಾರು ಬಂದರೂ ನಾನು ಹೇಳೋದು ಇಷ್ಟೇ: ಕೇಳಿ, ಆದರೆ ಕಾಗದದಲ್ಲಿ ಕೇಳಿ. ತಾರೀಖು, ಸೀಲು ಎರಡೂ ಬೀಳಲಿ.

ಮೊದಲು ಎರಡು ಕಾಯ್ದೆಗಳ ಹೆಸರು ಬಾಯಿಪಾಠ ಮಾಡಿ

ಒಂದು, ಶಿಕ್ಷಣ ಹಕ್ಕು ಕಾಯ್ದೆ, 2009. ಎಲ್ಲರೂ ಆರ್‌ಟಿಇ ಅನ್ನುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಇ ಅಂದರೆ ಖಾಸಗಿ ಶಾಲೆಯಲ್ಲಿ ಪುಕ್ಕಟೆ ಸೀಟು ಅಂತಲೇ ಜನ ತಿಳಿದಿದ್ದಾರೆ. ಅದು ಕಾಯ್ದೆಯ ಒಂದು ತುಂಡು ಮಾತ್ರ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವ ಕಡೆ ಆ ಸೀಟುಗಳನ್ನು ನಮ್ಮ ರಾಜ್ಯ 2019ರಲ್ಲೇ ಬಿಟ್ಟುಬಿಟ್ಟಿತು. ನಮಗೆ ಬೇಕಿರೋದು ಉಳಿದ ಭಾಗ. 6ರಿಂದ 14 ವರ್ಷದ ಮಗುವನ್ನು ಸೇರಿಸಿಕೊಳ್ಳಲು ಪರೀಕ್ಷೆ ಮಾಡುವಂತಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ.

ಇನ್ನೊಂದು, ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಕಚೇರಿಯಲ್ಲಿ ಆರ್‌ಪಿಡಬ್ಲ್ಯುಡಿ ಅಂದರೆ ಬೇಗ ಅರ್ಥವಾಗುತ್ತದೆ. ಇದರಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಕಣ್ಣು, ಕಿವಿ, ಕೈಕಾಲು ಮಾತ್ರ ಅಲ್ಲ. ಆಟಿಸಂ, ಬುದ್ಧಿ ಬೆಳವಣಿಗೆಯ ಕೊರತೆ, ಸೆರೆಬ್ರಲ್ ಪಾಲ್ಸಿ, ಜೊತೆಗೆ ಓದು-ಬರಹ-ಲೆಕ್ಕದಲ್ಲಷ್ಟೇ ಕಾಣುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಡಿಸ್ಲೆಕ್ಸಿಯಾ ಅನ್ನೋದು ಇದೇ ಗುಂಪಿನದು. ಕಾಯ್ದೆಯ 16ನೇ ಕಲಂ ಮುಖ್ಯ. ಇಂಥ ತೊಂದರೆಯನ್ನು ಬೇಗ ಪತ್ತೆ ಹಚ್ಚುವುದು, ಅದಕ್ಕೆ ತಕ್ಕಂತೆ ಕಲಿಸುವುದು, ಭೇದವಿಲ್ಲದೆ ಸೇರಿಸಿಕೊಳ್ಳುವುದು ಶಾಲೆಯ ಕರ್ತವ್ಯ ಅಂತ ಅದು ಹೇಳುತ್ತದೆ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯ. ಫೀಸು ತೆಗೆದುಕೊಂಡು "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ" ಅನ್ನುವ ಶಾಲೆಗಳಿಗೆ ಈ ಕಲಂ ತೋರಿಸಿ. 31ನೇ ಕಲಂ ಪ್ರಕಾರ, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಅಂತ ಪ್ರಮಾಣಪತ್ರ ಸಿಕ್ಕ ಮಗುವಿಗೆ ಉಚಿತ ಶಿಕ್ಷಣದ ಹಕ್ಕು 14ಕ್ಕೆ ನಿಲ್ಲುವುದಿಲ್ಲ, 18ರವರೆಗೆ ಇರುತ್ತದೆ.

ಇಲ್ಲಿ ಒಂದು ಮಾತು. "ನಮ್ಮ ಹುಡುಗ ಅಂಗವಿಕಲ ಅಲ್ರೀ, ಕೈಕಾಲು ಗಟ್ಟಿ ಅದಾವು" ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ನನ್ನ ಅಕ್ಕನೂ ಹಾಗೇ ಅಂದಳು. ಮದುವೆ ಸಂಬಂಧಕ್ಕೆ ಅಡ್ಡ ಬರುತ್ತೆ ಅನ್ನುವ ಭಯ ಬೇರೆ, ಅದೂ ಹೆಣ್ಣುಮಕ್ಕಳ ವಿಷಯದಲ್ಲಿ ಜಾಸ್ತಿ. ವಿಕಲಚೇತನರ ಗುರುತಿನ ಕಾರ್ಡು ಮಾಡಿಸಿದರೂ ಅದು ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಬೇಕಾದಾಗ ತೋರಿಸುತ್ತೀರಿ, ಬೇಡವಾದಾಗ ಇಲ್ಲ.

ಕಣ್ಣು, ಕಿವಿ, ಮನೆಮಾತು, ಗುಳೆ: ಈ ನಾಲ್ಕನ್ನು ಮೊದಲು ನೋಡಿ

ಓದದ ಮಗುವಿಗೆಲ್ಲ ಡಿಸ್ಲೆಕ್ಸಿಯಾ ಅಂತಲ್ಲ. ಬೋರ್ಡು ಕಾಣದ ಮಗು ತಪ್ಪು ಬರೆಯುತ್ತದೆ. ಕಿವಿ ಸೋರುವ ಮಗು ಅರ್ಧ ಪಾಠ ಕೇಳುತ್ತದೆ. ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ಡಾಕ್ಟರ ತಂಡ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅಂತಲೇ ಇರುವ ಕಾರ್ಯಕ್ರಮ ಅದು. ಯಾವಾಗ ಬರುತ್ತಾರೆ ಅಂತ ಶಾಲೆಯಲ್ಲಿ ಕೇಳಿ, ಆ ದಿನ ಮಗು ತಪ್ಪದೆ ಹಾಜರಿರಲಿ. ಕಾಯೋದು ಬೇಡ ಅನ್ನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸಿ, ಚೀಟಿ ಜೋಪಾನ ಮಾಡಿ.

ಮೂರನೆಯದು ಮನೆಮಾತು. ಬಳ್ಳಾರಿ, ಸಿರುಗುಪ್ಪ ಕಡೆ ಮನೆಯಲ್ಲಿ ತೆಲುಗು. ರಾಯಚೂರಿನ ಗಡಿ ಹಳ್ಳಿಗಳಲ್ಲೂ ಅಷ್ಟೇ. ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಎಷ್ಟೋ ಮನೆಗಳಲ್ಲಿ ಉರ್ದು. ಶಾಲೆಗೆ ಬಂದ ಮೇಲೇ ಕನ್ನಡ ಕೇಳುವ ಮಗು ಎರಡು-ಮೂರು ವರ್ಷ ತಡವರಿಸಿದರೆ ಅದು ರೋಗವಲ್ಲ. ಆ ಮಗುವಿಗೆ ಬೇಕಿರೋದು ಭಾಷೆಯ ನೆರವು. ಸುಮ್ನೆ ಒಂದು ಪರೀಕ್ಷೆ ಮಾಡಿ ನೋಡಿ: ಜಾತ್ರೆಗೆ ಹೋಗಿ ಬಂದದ್ದನ್ನು ಮನೆಮಾತಿನಲ್ಲಿ ಹೇಳಿಸಿ. ಕಥೆ ಕಟ್ಟಿ ಚೆನ್ನಾಗಿ ಹೇಳುತ್ತದೆಯೇ? ಶಾಲೆ ತಪ್ಪಿಸದೆ ನಾಲ್ಕು ವರ್ಷ ಕಲಿತ ಮೇಲೂ ಕಾಗದದ ಮುಂದೆ ಮಾತ್ರ ಕೈ ನಿಲ್ಲುತ್ತದೆಯೇ? ಆಗ ಅನುಮಾನ ಪಡಿ.

ನಾಲ್ಕನೆಯದು ಗುಳೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗ ಕಡೆಯಿಂದ ದುಡಿಯಲು ಬೆಂಗಳೂರಿಗೋ ಮತ್ತೆಲ್ಲಿಗೋ ಹೋಗುವ ಮನೆಗಳ ಮಕ್ಕಳು ವರ್ಷದಲ್ಲಿ ನಾಲ್ಕೈದು ತಿಂಗಳು ಶಾಲೆಯ ಮುಖ ನೋಡುವುದಿಲ್ಲ. ಅವರ ಹಿಂದುಳಿಕೆಗೆ ಕಾರಣ ಬೇರೆ. ಡಾಕ್ಟರರೂ ಇದನ್ನು ಕೇಳುತ್ತಾರೆ, ಮುಚ್ಚಿಡಬೇಡಿ. ಗುಳೆ ಹೋದ ಊರಲ್ಲೂ ಮಗುವನ್ನು ಶಾಲೆಗೆ ಸೇರಿಸಬಹುದು. ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸುವಂತಿಲ್ಲ, ಆರ್‌ಟಿಇ ಹಾಗೆ ಹೇಳುತ್ತದೆ.

ಕನ್ನಡ ಓದುವ ಮಕ್ಕಳಲ್ಲಿ ನಾನು ನೋಡಿದ ಗುರುತುಗಳನ್ನು ಹೇಳುತ್ತೇನೆ. ಒತ್ತಕ್ಷರ ಬಿದ್ದು ಹೋಗುತ್ತದೆ. ದೀರ್ಘ ಇರಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬರುತ್ತದೆ, 'ಕಲಾ' 'ಕಾಲ' ಆಗುತ್ತದೆ. ಪ-ಷ, ಬ-ಭ, ಮ-ಯ, ದ-ಧ ಒಂದಕ್ಕೊಂದು ಕಲೆಸಿಹೋಗುತ್ತವೆ. ಬೋರ್ಡಿನಿಂದ ನಾಲ್ಕು ಸಾಲು ಇಳಿಸಿಕೊಳ್ಳಲು ಇಡೀ ಪಿರಿಯಡ್ಡು ಬೇಕು. ಪಾಠವನ್ನು ಬೆರಳಿಟ್ಟು 'ಓದುತ್ತದೆ', ಆದರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಅಂದರೆ ಬಾಯಿಪಾಠ. ಇದರಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಇರುತ್ತವೆ. ನಾಲ್ಕನೇ ಕ್ಲಾಸಿಗೂ ಇವೆಲ್ಲ ಒಟ್ಟಿಗೆ ಇದ್ದರೆ ತಡ ಮಾಡಬೇಡಿ. ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೂ ಹಾಕಬೇಡಿ, ವರ್ಷಕ್ಕೊಂದರಂತೆ ಎತ್ತಿಡಿ. ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಮೊದಲ ಅರ್ಜಿ

ಇದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಇದನ್ನು ಎರಡು ಸಲ ಓದಿ. "ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಅನ್ನುವುದು ತಲೆಕೆಳಗು. ಗುರುತಿಸುವ ಕೆಲಸವನ್ನೇ ಕಾಯ್ದೆ ಶಾಲೆಗೆ ಹಚ್ಚಿದೆ. ಬಿಳಿ ಹಾಳೆಯಲ್ಲಿ ಹೀಗೆ ಬರೆದರೆ ಸಾಕು (ಇದರಲ್ಲಿ ಬರುವ ಬಿಐಇಆರ್‌ಟಿ ಯಾರು ಅಂತ ಮುಂದೆ ಹೇಳುತ್ತೇನೆ):

"ಇವರಿಗೆ, ಮುಖ್ಯ ಶಿಕ್ಷಕರು, (ಶಾಲೆಯ ಹೆಸರು, ಊರು).

ವಿಷಯ: ನನ್ನ ಮಗನ ಕಲಿಕಾ ತೊಂದರೆಯನ್ನು ಗುರುತಿಸಿ ನೆರವು ಕೊಡುವ ಬಗ್ಗೆ.

ಮಾನ್ಯರೇ, ನನ್ನ ಮಗ (ಹೆಸರು) ತಮ್ಮ ಶಾಲೆಯಲ್ಲಿ 5ನೇ ತರಗತಿಯಲ್ಲಿ ಓದುತ್ತಿದ್ದಾನೆ. ಬಾಯಲ್ಲಿ ಉತ್ತರ ಹೇಳುತ್ತಾನೆ, ಬರೆಯಲು ಮತ್ತು ಓದಲು ಆಗುತ್ತಿಲ್ಲ. ಒತ್ತಕ್ಷರ ಬಿಡುತ್ತಾನೆ, ಬೋರ್ಡಿನಿಂದ ಬರೆದುಕೊಳ್ಳಲು ಬಹಳ ಹೊತ್ತು ಬೇಕು. 2ನೇ ತರಗತಿಯಿಂದ ಹೀಗಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 16 ಮತ್ತು 17ರ ಪ್ರಕಾರ ಅವನ ತೊಂದರೆಯನ್ನು ಗುರುತಿಸಲು ಬಿಐಇಆರ್‌ಟಿ ಅವರಿಂದ ತಪಾಸಣೆ ಮಾಡಿಸಬೇಕು, ತರಗತಿಯಲ್ಲಿ ಅಗತ್ಯ ನೆರವು ಕೊಡಬೇಕು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಅವನ ಹೆಸರು ಸೇರಿಸಬೇಕು ಎಂದು ಕೋರುತ್ತೇನೆ. ಕೈಗೊಂಡ ಕ್ರಮವನ್ನು 15 ದಿನದೊಳಗೆ ಲಿಖಿತವಾಗಿ ತಿಳಿಸಲು ವಿನಂತಿ.

ಲಗತ್ತು: ನೋಟ್‌ಬುಕ್ಕಿನ 3 ಪುಟಗಳ ಪ್ರತಿ."

15 ದಿನ ಅನ್ನೋದು ಕಾನೂನಿನ ಗಡುವಲ್ಲ, ನಾವು ಹಾಕುವ ಗಡುವು. ತಾರೀಖು ಇರದ ವಿನಂತಿಗೆ ಉತ್ತರವೂ ಬರುವುದಿಲ್ಲ, ಅದಕ್ಕೇ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ 'ಸ್ವೀಕರಿಸಿದೆ' ಅಂತ ಸಹಿ, ತಾರೀಖು, ಸೀಲು ಹಾಕಿಸಿಕೊಳ್ಳಿ. ಕಚೇರಿಯಾದರೆ ಆವಕ ನಂಬರ್ ಕೇಳಿ. ಸಹಿ ಹಾಕಲ್ಲ ಅಂದರೆ ಜಗಳ ಬೇಡ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಹೊಡೆಯಿರಿ. ಅದೂ ಸೀಲಿನಷ್ಟೇ ಗಟ್ಟಿ.

ಮಾಸ್ತರ ಮೇಲೆ ಹಾರಿ ಬೀಳಬೇಡಿ ಅಂತಲೂ ಹೇಳುತ್ತೇನೆ. ಒಂದೇ ಕೋಣೆಯಲ್ಲಿ ಮೂರು ಕ್ಲಾಸು ಕೂರಿಸಿಕೊಂಡು ಪಾಠ ಮಾಡುವವರು ನಮ್ಮ ಕಡೆ ಎಷ್ಟು ಮಂದಿ ಇಲ್ಲ? ನಿಮ್ಮ ಅರ್ಜಿ ಅವರಿಗೂ ಆಸರೆ. ಅದನ್ನು ಹಿಡಿದುಕೊಂಡೇ ಅವರು ಮೇಲಿನವರನ್ನು ಕೇಳಬಹುದು. ನಿಮ್ಮಲ್ಲಿ ಯಾರಾದರೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿದ್ದರೆ ವಿಷಯವನ್ನು ಸಭೆಗೆ ತಂದು ನಡಾವಳಿ ಪುಸ್ತಕದಲ್ಲಿ ಬರೆಸಿ.

ಬಿಐಇಆರ್‌ಟಿ ಯಾರು, ಎಲ್ಲಿ ಸಿಗುತ್ತಾರೆ?

ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಡಿ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು ಇವರು. ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಹೊಂದಿಕೊಂಡ ಬಿಆರ್‌ಸಿಯಲ್ಲಿ (ಸಂಪನ್ಮೂಲ ಕೇಂದ್ರ) ವಿಚಾರಿಸಿ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ, ಶಾಲೆಯಿಂದ ಶಾಲೆಗೆ ತಿರುಗುತ್ತಿರುತ್ತಾರೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಪ್ರೌಢಶಾಲೆಯಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆ ಲೆಕ್ಕ ಇನ್ನೂ ಕಾಗದದ ಮೇಲಿದೆ. ಆದರೂ ಇರುವ ಒಬ್ಬರು ನಿಮ್ಮ ಮಗುವನ್ನು ಒಮ್ಮೆ ಕೂರಿಸಿಕೊಂಡು ನೋಡಿದರೆ ದಾರಿ ಅರ್ಧ ಸಲೀಸು. ಮಗುವಿಗೆ ಅಂತಲೇ ಒಂದು ಕಲಿಕಾ ಯೋಜನೆ ಬರೆಯುವವರೂ, ಶಿಬಿರಕ್ಕೆ ಕಳಿಸುವವರೂ ಅವರೇ.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿಸಿ. ಶಾಲೆಯವರು ಯು-ಡೈಸ್ (ಇಲಾಖೆಗೆ ಕೊಡುವ ಶಾಲೆಯ ಅಂಕಿಅಂಶ) ಮಾಹಿತಿ ತುಂಬುವಾಗ ವಿಶೇಷ ಅಗತ್ಯವುಳ್ಳ ಮಗು ಅಂತ ಒಂದು ಕಾಲಂ ಇದೆ. ಅಲ್ಲಿ ನಿಮ್ಮ ಮಗುವಿನ ಹೆಸರು ಬಿದ್ದಿದೆಯಾ ಅಂತ ಕೇಳಿ. ಅದರಲ್ಲಿ ಇಲ್ಲದ ಮಗು ಇಲಾಖೆಯ ಕಣ್ಣಿಗೆ ಇಲ್ಲವೇ ಇಲ್ಲ.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು

ಯುಡಿಐಡಿ ಅಂದರೆ ವಿಕಲಚೇತನರ ಗುರುತಿನ ಕಾರ್ಡು. ಶಾಲೆಯೊಳಗಿನ ನೆರವಿಗೆ ಇದು ಬೇಡ ಅಂದೆ. ಬೋರ್ಡ್ ಪರೀಕ್ಷೆ, ಸ್ಕಾಲರ್‌ಶಿಪ್, ಬಸ್ ಪಾಸ್, ಮುಂದೆ ಕಾಲೇಜಿನ ಶೇ 5 ಮೀಸಲಾತಿ, ಇದಕ್ಕೆಲ್ಲ ಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ, ಮೊಬೈಲ್ ನಂಬರ್ ಇದ್ದರೆ ಕಾಲು ಗಂಟೆಯ ಕೆಲಸ. ಅರ್ಜಿಗೆ ಶುಲ್ಕ ಇಲ್ಲ. ನಮ್ಮಂಥ ಅಂಗಡಿಯವರು ಟೈಪ್ ಮಾಡಿದ್ದಕ್ಕೆ ತೆಗೆದುಕೊಳ್ಳುವ ಹಣ ಬೇರೆ. "ಪರ್ಸೆಂಟೇಜ್ ಹಾಕಿಸಿ ಕೊಡ್ತೀನಿ" ಅಂತ ಆಸ್ಪತ್ರೆ ಗೇಟಿನಲ್ಲಿ ಸಿಗುವವನಿಗೆ ಒಂದು ಪೈಸೆ ಕೊಡಬೇಡಿ.

ಟೈಪ್ ಮಾಡಿಸುವ ಮುಂಚೆ ಶಾಲೆಯ ದಾಖಲೆ ಮತ್ತು ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ಹೆಸರು ಹೋಲಿಸಿ. ಶಾಲೆಯಲ್ಲಿ 'ಹುಲಿಗೆಮ್ಮ', ಆಧಾರ್‌ನಲ್ಲಿ 'ಹುಲಿಗೆವ್ವ'. ಇಂಥ ಒಂದಕ್ಷರಕ್ಕೆ ತಿಂಗಳುಗಟ್ಟಲೆ ಅಲೆದವರನ್ನು ನೋಡಿದ್ದೇನೆ. ವಿಳಾಸವನ್ನೂ ನೋಡಿ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರು 2021ರಿಂದ ವಿಜಯನಗರ ಜಿಲ್ಲೆಯವರು. ಆಧಾರ್‌ನಲ್ಲಿ ಇನ್ನೂ ಬಳ್ಳಾರಿ ಅಂತಲೇ ಇದ್ದರೆ ಮೊದಲು ತಿದ್ದಿಸಿಕೊಳ್ಳಿ.

ಅರ್ಜಿ ಹಾಕಿದ ಮೇಲೆ ತಪಾಸಣೆಗೆ ಹೋಗಬೇಕು. ಕೊಪ್ಪಳದಲ್ಲಿ ಮೆಡಿಕಲ್ ಕಾಲೇಜಿನ ಜಿಲ್ಲಾ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ. ಯಾವ ತೊಂದರೆಗೆ ಯಾವ ದಿನ ನೋಡುತ್ತಾರೆ ಅಂತ ಮೊದಲು ಕೇಳಿಕೊಂಡು ಹೋಗಿ. ಒಂದು ದಿನದ ಕೂಲಿ ಬಿಟ್ಟು ಹೋಗಿ ಬರಿಗೈಯಲ್ಲಿ ವಾಪಸ್ ಬರೋದು ಬೇಡ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು. ಈ ವಿಷಯ ಅವರಿಗೆ ಗೊತ್ತಿರುತ್ತದೆ. ಹೆಚ್ಚಿನವರು ತಾವೇ ವಿಕಲಚೇತನರು. ಹಾಗಾಗಿ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ. ಮಕ್ಕಳ ಡಾಕ್ಟರ್ ನೋಡಬೇಕು, ಮನಶ್ಶಾಸ್ತ್ರಜ್ಞರು ಮಗುವನ್ನು ಕೂರಿಸಿಕೊಂಡು ಓದಿಸಿ, ಬರೆಸಿ, ಲೆಕ್ಕ ಮಾಡಿಸಿ ನೋಡಬೇಕು. ಐದು ನಿಮಿಷದಲ್ಲಿ ಮುಗಿಯುವುದಲ್ಲ, ಎರಡು ಸಲ ಕರೆದರೂ ಬೇಸರ ಬೇಡ. ಮಗುವಿಗೆ ಹೊಟ್ಟೆ ತುಂಬ ಉಣಿಸಿ ಕರೆದೊಯ್ಯಿರಿ. ಹಸಿದ ಮಗು ಗೊತ್ತಿದ್ದದ್ದನ್ನೂ ಹೇಳುವುದಿಲ್ಲ. "ನಮ್ಮಲ್ಲಿ ಈ ಟೆಸ್ಟ್ ಇಲ್ಲ" ಅಂದರೆ ಸುಮ್ಮನೆ ಎದ್ದು ಬರಬೇಡಿ. ಎಲ್ಲಿಗೆ ಹೋಗಬೇಕು ಅಂತ ಬರೆದು ಕಳಿಸಲು ಕೇಳಿ. ಕೊಪ್ಪಳ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಹುಬ್ಬಳ್ಳಿವರೆಗೆ ರೈಲಿದೆ. ಬೆಂಗಳೂರಿನ ನಿಮ್ಹಾನ್ಸ್ ದೂರ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ದೊಡ್ಡದು. ಅಂದ ಹಾಗೆ, ಮಾನಸಿಕ ಆರೋಗ್ಯ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗೆ ಇಳಿಸಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲೇ. ಆ 'ಬಳ್ಳಾರಿ ಮಾದರಿ' ನೋಡಿ ದೇಶದ ಕಾರ್ಯಕ್ರಮ ರೂಪಿಸಿದರು. ಆ ಜಿಲ್ಲೆಯ ಅಪ್ಪ-ಅಮ್ಮಂದಿರು ಇವತ್ತು ಒಂದು ಟೆಸ್ಟಿಗಾಗಿ ರೈಲು ಹತ್ತಬೇಕಾಗಿ ಬಂದರೆ ಸಿಟ್ಟು ಬರುತ್ತೆ, ಅಲ್ವಾ?

ಖಾಸಗಿ ಕ್ಲಿನಿಕ್ಕಿನ ವರದಿ ಇದ್ದರೆ ಜೊತೆಗೆ ಒಯ್ಯಿರಿ. ಅದು ಸಹಾಯಕ್ಕೆ ಬರುತ್ತದೆ, ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ. ಸಿಕ್ಕ ಪ್ರಮಾಣಪತ್ರಕ್ಕೆ ಅವಧಿ ಹಾಕಿದ್ದಾರಾ ನೋಡಿ. ಕಲಿಕಾ ನ್ಯೂನತೆಗೆ 14ಕ್ಕೆ, 18ಕ್ಕೆ ಮತ್ತೆ ತಪಾಸಣೆ ಇರುತ್ತದೆ.

ಕ್ಲಾಸಿನಲ್ಲಿ ಏನು ಕೇಳಬೇಕು?

"ನನ್ನ ಮಗನ ಕಡೆ ಸ್ವಲ್ಪ ಗಮನ ಕೊಡ್ರೀ" ಅಂದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಇಂಥದ್ದು ಅಂತ ಕೇಳಿ. ಮುಂದಿನ ಸಾಲಿನಲ್ಲಿ ಕೂರಿಸಿ. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಕಿರು ಪರೀಕ್ಷೆಯಲ್ಲಿ ಒಂದಿಷ್ಟು ಪ್ರಶ್ನೆಗಳನ್ನು ಬಾಯಲ್ಲಿ ಕೇಳಿ. ಬೋರ್ಡಿನ ಟಿಪ್ಪಣಿಯ ಬದಲು ಪಕ್ಕದ ಹುಡುಗಿಯ ನೋಟ್ಸ್ ಜೆರಾಕ್ಸ್ ಮಾಡಿಕೊಳ್ಳಲು ಬಿಡಿ (ನನ್ನ ವ್ಯಾಪಾರಕ್ಕೆ ಹೇಳುತ್ತಿಲ್ಲ, ಮೊಬೈಲ್ ಫೋಟೋ ಆದರೂ ಸರಿ). ವಿಜ್ಞಾನದ ಪತ್ರಿಕೆಯಲ್ಲಿ ಒತ್ತಕ್ಷರದ ತಪ್ಪಿಗೆ ಅಂಕ ಕಳೆಯಬೇಡಿ. ಇದೆಲ್ಲ ದುಡ್ಡು ಕೇಳುವ ಸಹಾಯ ಅಲ್ಲ.

ಕಾಯ್ದೆಯ 17ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಪಠ್ಯ ಮತ್ತು ಪರೀಕ್ಷೆಯಲ್ಲಿ ಬದಲಾವಣೆ, ಹೆಚ್ಚಿನ ಸಮಯ, ಬರೆದುಕೊಡುವವರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರಲ್ಲಿ ಹೆಸರು ಹಿಡಿದು ಬರೆದಿವೆ. ಮನೆಯಲ್ಲಿ ಲಂಬಾಣಿ ಆಡಿಕೊಂಡು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಮೂರು ಲಿಪಿಗಳ ಕೆಳಗೆ ನಲುಗುವ ಮಗುವಿಗೆ ಒಂದು ಭಾಷೆ ಇಳಿದರೆ ಎಷ್ಟು ನಿರಾಳ!

ಗಾಲಿಕುರ್ಚಿಯ ಮಗುವಾದರೆ ಕ್ಲಾಸು ನೆಲಮಹಡಿಗೆ ಬರಬೇಕು, ಇಳಿಜಾರು ಮತ್ತು ಬಳಸಲು ಬರುವ ಶೌಚಾಲಯ ಬೇಕು. ಶೌಚಾಲಯವನ್ನು ನೀವೇ ಹೋಗಿ ನೋಡಿ. ಬೀಗ ಹಾಕಿದ ಶೌಚಾಲಯವೂ ದಾಖಲೆಯಲ್ಲಿ ಶೌಚಾಲಯವೇ.

ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಆರಿಸಿಕೊಳ್ಳುವ ಹಕ್ಕನ್ನು ಆರ್‌ಟಿಇಗೆ 2012ರಲ್ಲಿ ಸೇರಿಸಿದರು. ಆಯ್ಕೆ ನಿಮ್ಮದು. "ಇವನನ್ನ ಮನೆಯಲ್ಲೇ ಇಟ್ಕೊಳ್ಳಿ, ಹೆಸರು ಇಲ್ಲಿರಲಿ" ಅಂತ ಶಾಲೆಯೇ ಹೇಳಿದರೆ ಒಪ್ಪಬೇಡಿ.

ಎಸ್‌ಎಸ್‌ಎಲ್‌ಸಿ: ಕೆಲಸ ಶುರುವಾಗುವುದು ಎಂಟನೇ ಕ್ಲಾಸಿನಲ್ಲಿ

ನಮ್ಮ ಮನೆ ಎಡವಿದ್ದು ಇಲ್ಲೇ. ಎಂಟರಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಒಂಬತ್ತರಲ್ಲಿ ಶಾಲೆಯ ಪರೀಕ್ಷೆಗಳಲ್ಲೇ ಹೆಚ್ಚಿನ ಸಮಯ ಕೊಡಿಸಿ. ಹತ್ತರಲ್ಲಿ ಬೋರ್ಡಿಗೆ ನೋಂದಣಿ ಮಾಡುವಾಗಲೇ ಯಾವ ಯಾವ ರಿಯಾಯಿತಿ ಬೇಕು ಅಂತ ಮುಖ್ಯ ಶಿಕ್ಷಕರ ಮೂಲಕ ದಾಖಲೆ ಸಮೇತ ಹೋಗಬೇಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ನೀವು ನೇರ ಬರೆದರೂ ಅದು ಶಾಲೆಗೇ ತಿರುಗಿ ಬರುತ್ತದೆ.

ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. "ಶೇ 40 ಇಲ್ಲ, ಹಾಗಾಗಿ ಸ್ಕ್ರೈಬ್ (ಉತ್ತರ ಬರೆದುಕೊಡುವವರು) ಇಲ್ಲ" ಅಂತ ಯಾರಾದರೂ ಅಂದರೆ ಎರಡು ವಿಷಯ ಹೇಳಿ. ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಬರೆಯಲು ಕಷ್ಟವಿರುವವರಿಗೆ ಶೇ 40ರ ಗೆರೆ ತೋರಿಸಿ ಸ್ಕ್ರೈಬ್ ನಿರಾಕರಿಸುವಂತಿಲ್ಲ ಅಂದಿತು. ಅದಾದ ಮೇಲೆ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ತಂದಿತು.

ಸ್ಕ್ರೈಬ್ ಅಂದರೆ ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿ. ಮಗು ಹೇಳಿದ್ದನ್ನಷ್ಟೇ ಬರೆಯುತ್ತಾರೆ. ಆದರೆ ಉತ್ತರ ಹೇಳಿ ಬರೆಸುವುದೇ ಒಂದು ವಿದ್ಯೆ. "ಹೊಸ ಸಾಲು", "ಇಲ್ಲಿ ಚಿತ್ರ", "ಇದನ್ನು ಹೊಡೆದುಹಾಕು" ಅಂತ ಹೇಳಲು ಬರಬೇಕು. ಪರೀಕ್ಷೆಯ ದಿನವೇ ಮೊದಲ ಸಲ ಅಪರಿಚಿತ ಹುಡುಗನ ಪಕ್ಕ ಕೂತರೆ ಬಾಯಿ ಕಟ್ಟುತ್ತದೆ. ಆರು ತಿಂಗಳು ಮೊದಲೇ ತಮ್ಮನನ್ನೋ ತಂಗಿಯನ್ನೋ ಕೂರಿಸಿ ಅಭ್ಯಾಸ ಮಾಡಿಸಿ.

ಗಣಿತ, ವಿಜ್ಞಾನದ ಬದಲಿಗೆ ಬೇರೆ ವಿಷಯ ತೆಗೆದುಕೊಳ್ಳುವ ಅವಕಾಶವೂ ಇದೆ. ಪಾಸಾಗುವ ಆಸೆಗೆ ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ನನಗೆ ಅಷ್ಟು ಇಷ್ಟವಿಲ್ಲ. ಮುಂದೆ ವಿಜ್ಞಾನ, ಡಿಪ್ಲೊಮಾ ಕಡೆ ಹೋಗುವ ಬಾಗಿಲು ಮುಚ್ಚಬಹುದು. ಹದಿನಾರು ರೂಪಾಯಿ ಅಂತ ಥಟ್ಟನೆ ಹೇಳಿದ ಹುಡುಗನಿಂದ ಗಣಿತವನ್ನು ಕಿತ್ತುಕೊಂಡರೆ ಉಳಿಯೋದೇನು? ಅವನಿಗೆ ಬೇಕಿರೋದು ಬರೆಯುವ ಕೈ ಅಷ್ಟೇ.

ಹಣ, ಓಡಾಟ

ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗಿನ ನೆರವಿನ ಲೆಕ್ಕ ಇದೆ. ಅದು ಕೈಗೆ ಬರುವ ಹಣವಲ್ಲ, ಶಿಬಿರ, ಸಲಕರಣೆ, ಪ್ರಯಾಣ ಭತ್ಯೆ ಇಂಥದ್ದಕ್ಕೆ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200ರಂತೆ 10 ತಿಂಗಳು ಸ್ಟೈಪೆಂಡ್, ಇದಕ್ಕೆ ಬ್ಯಾಂಕ್ ಖಾತೆ ಬೇಕು. 9 ಮತ್ತು 10ನೇ ತರಗತಿಯವರಿಗೆ ಕೇಂದ್ರದ ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ವಿಕಲಚೇತನರ ರಿಯಾಯಿತಿ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಅಮ್ಮ ಜೊತೆಗೆ ಹೋಗುವುದಾದರೆ ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಮಾಸಾಶನಕ್ಕೆ ನಾಡಕಚೇರಿ.

ಯಾರೂ ಕೇಳಲಿಲ್ಲ ಅಂದರೆ

ಮೊದಲ ಅರ್ಜಿಗೆ 15 ದಿನದಲ್ಲಿ ಉತ್ತರ ಬರದಿದ್ದರೆ ಅದರ ಪ್ರತಿ ಲಗತ್ತಿಸಿ ಬಿಇಒಗೆ. ಅಲ್ಲೂ ಆಗದಿದ್ದರೆ ಎರಡೂ ಪ್ರತಿ ಹಚ್ಚಿ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐಗೆ. ಮೆಟ್ಟಿಲು ಬಿಟ್ಟು ಹಾರಬೇಡಿ, ಮೇಲಿನವರು ಮತ್ತೆ ಕೆಳಕ್ಕೇ ಕಳಿಸುತ್ತಾರೆ. ನಡುವೆ ಮಾಹಿತಿ ಹಕ್ಕಿನಲ್ಲಿ "ನನ್ನ ಇಂಥ ತಾರೀಖಿನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ" ಅಂತ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟೋ ಸಲ ಈ ಒಂದು ಹಾಳೆಗೇ ಕಡತ ಎದ್ದು ಕೂರುತ್ತದೆ. ಅನುಭವದ ಮಾತು.

ಆಮೇಲೆ ಎರಡು ಬಾಗಿಲು, ಎರಡೂ ಬೆಂಗಳೂರಿನಲ್ಲಿ. ಆದರೆ ಅಂಚೆಯಲ್ಲಿ ಕಳಿಸಿದರೆ ಸಾಕು. ಹೊಡೆತ, ಹೊರಹಾಕುವುದು, ಪ್ರವೇಶ ನಿರಾಕರಣೆ ಇಂಥದ್ದಕ್ಕೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ತೊಂದರೆಗೆ ತಕ್ಕ ನೆರವು ಕೊಡದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರು. ಆಯುಕ್ತರಿಗೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳಲ್ಲಿ ಕ್ರಮದ ವರದಿ ಕೊಡಬೇಕು. ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷ.

ಮಗುವಿಗೆ ಹೊಡೆತ, ಹಿಂಸೆ ಆದಾಗ ಈ ಮೆಟ್ಟಿಲುಗಳ ಲೆಕ್ಕ ಬೇಡ. ಕೂಡಲೇ 1098ಕ್ಕೆ ಫೋನ್ ಮಾಡಿ.

ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮಕ್ಕಳು, ಹೆಣ್ಣುಮಕ್ಕಳು, ವಿಕಲಚೇತನರು, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ. ಫೋನು 15100. ಹೈಕೋರ್ಟಿಗೇ ಹೋಗುವ ಪರಿಸ್ಥಿತಿ ಬಂದರೆ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಕೊನೆಗೆ, ಫೈಲು

ಒಂದು ಪ್ಲಾಸ್ಟಿಕ್ ಫೈಲು ತೊಗೊಳ್ಳಿ, 20 ರೂಪಾಯಿಗೆ ಸಿಗುತ್ತದೆ. ಅರ್ಜಿಗಳ ಸೀಲು ಬಿದ್ದ ಪ್ರತಿ, ಪೋಸ್ಟ್ ರಸೀದಿ, ಕಣ್ಣು-ಕಿವಿ ಚೀಟಿ, ವರ್ಷಕ್ಕೊಂದು ನೋಟ್‌ಬುಕ್, ಅಂಕಪಟ್ಟಿ, ಯುಡಿಐಡಿ. ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಮೂಲ ಪ್ರತಿ ಯಾರಿಗೂ ಬಿಟ್ಟು ಬರಬೇಡಿ, "ನಾಳೆ ಕೊಡ್ತೀವಿ" ಅಂದರೂ ಬೇಡ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಲೂಬೇಡಿ. ನಾಳೆ ಅದರ ಮೇಲೆ ಸೀಲೋ ಸಹಿಯೋ ಬೇಕಾದರೆ ಆಗುವುದಿಲ್ಲ, ಬಿಚ್ಚಲು ಹೋದರೆ ಹರಿಯುತ್ತದೆ. ಲ್ಯಾಮಿನೇಷನ್‌ಗೆ ನಾನು 30 ರೂಪಾಯಿ ತೆಗೆದುಕೊಳ್ಳುತ್ತೇನೆ. ಆದರೂ ಹೇಳುತ್ತಿದ್ದೇನೆ, ಬೇಡ.